ಬೀಳಲು ಕಲಿತ ಪೈಲ್ವಾನ

ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷೀನಿನ ಮುಂದೆ ನಿಲ್ಲುವ ಮಾಂತುವಿನಲ್ಲಿ ಹೊಸಬರ ಕಣ್ಣಿಗೆ ಮೊದಲು ಬೀಳುವುದು ಅವನ ಕಿವಿಗಳು. ಎರಡೂ ಮುದುಡಿ ಗಡ್ಡೆ ಕಟ್ಟಿವೆ. ಅಖಾಡದ ಮಣ್ಣಿನಲ್ಲಿ ವರ್ಷಗಟ್ಟಲೆ ತಲೆ ಉಜ್ಜಿಸಿಕೊಂಡವರಿಗೆ ಮಾತ್ರ ಸಿಗುವ ಕಿವಿಗಳು ಅವು. ಪುಣೆಯಲ್ಲಿ ಅಂಥ ಕಿವಿಗೆ ಈಗಲೂ ಮರ್ಯಾದೆ ಇದೆ. ಸಿಟಿ ಬಸ್ಸಿನಲ್ಲಿ ಮುದುಕರು "ಪೈಲ್ವಾನ, ಬಸಾ" ಎಂದು ಸರಿದು ಜಾಗ ಕೊಡುತ್ತಾರೆ. ಕೊಟ್ಟವರು ಸುಮ್ಮನಿರುತ್ತಾರೆಯೇ? ಯಾವ ಊರ ಮೈದಾನದಲ್ಲಿ ಯಾರನ್ನು ಕೆಡವಿದೆ ಎಂದು ಕೇಳಿಯೇ ಕೇಳುತ್ತಾರೆ. ಮಾಂತು ಮುಂದಿನ ಸ್ಟಾಪಿನಲ್ಲಿ ಇಳಿದು, ಉಳಿದ ದಾರಿ ನಡೆದುಕೊಂಡು ಹೋಗುತ್ತಾನೆ.

ಅವನು ಇಂಡಿ ತಾಲೂಕಿನವನು. ಅಪ್ಪ ಚಿಕ್ಕಂದಿನಲ್ಲೇ ಹೋದ. ಅವ್ವ ಚನ್ನಬಸವ್ವ ಎಮ್ಮೆ ಕಟ್ಟಿ ಸಾಕಿದಳು. ಹಾಲಿನಲ್ಲಿ ಅರ್ಧ ಊರಿಗೆ, ಅರ್ಧ ಮಗನಿಗೆ. ಹದಿನೇಳಕ್ಕೆ ಹುಡುಗ ಬಾಗಿಲು ತುಂಬುವಷ್ಟು ಬೆಳೆದ. ಆಗ ಅವನ ಸೋದರಮಾವ ಮಲಕಪ್ಪ, ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು, ಅವನನ್ನು ಕರೆತಂದು ಭವಾನಿ ಪೇಟೆಯ ಹಳೆಯ ತಾಲೀಮೊಂದಕ್ಕೆ ಸೇರಿಸಿದ. ತಾಲೀಮು ಎಂದರೆ ಗರಡಿಮನೆ; ಅಲ್ಲಿಯ ಗುರುವಿಗೆ ವಸ್ತಾದ ಎನ್ನುತ್ತಾರೆ. ವಸ್ತಾದರು ಹುಡುಗನ ಹೆಗಲು ಒತ್ತಿದರು, ತೊಡೆ ತಟ್ಟಿದರು, ಸುತ್ತ ತಿರುಗಿಸಿ ನೋಡಿದರು. ಹೆಸರು ಕೇಳಲಿಲ್ಲ. "ರಾಹೂ ದೇ," ಇರಲಿ ಬಿಡು ಎಂದರು.

ಮಲಕಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. "ವಸ್ತಾದ್ರು ಯಾರನ್ನೂ ಒಮ್ಮಿಗೇ ಇಟ್ಕೋಳೂದಿಲ್ಲಪಾ. ನಿನ್ನ ಮೈಯಾಗ ಏನೋ ಕಂಡಾರ," ಎಂದ. ಕಂಡಿದ್ದರು, ನಿಜ. ಏನು ಕಂಡರು ಎಂಬುದು ತಿಳಿಯಲು ಮಾಂತುವಿಗೆ ಬಹಳ ವರ್ಷ ಬೇಕಾಯಿತು.

ಅವನ ಆಸೆ ದೊಡ್ಡದಲ್ಲ. ಗದೆ ಬೇಕು, ಪದಕ ಬೇಕು ಎಂದು ಕನಸು ಕಂಡವನಲ್ಲ. ತುಂಬಿದ ಮೈದಾನದಲ್ಲಿ ಮೈಕಿನವನು ತನ್ನ ಹೆಸರು ಕೂಗಬೇಕು, ಅವ್ವ ನೋಡುತ್ತಿರಬೇಕು, ಒಂದೇ ಒಂದು ಕುಸ್ತಿ ಗೆಲ್ಲಬೇಕು. ಊರಿಗೆ ಹೋದಾಗಲೆಲ್ಲ ಚನ್ನಬಸವ್ವ ಬಿಸಿ ರೊಟ್ಟಿಗೆ ಬೆಣ್ಣೆ ಹಾಕುತ್ತ ಅದನ್ನೇ ಕೇಳುತ್ತಿದ್ದಳು: "ನಿನ್ನ ಕುಸ್ತಿ ಯಾವಾಗೋ?"

ತಾಲೀಮಿನ ಕಣ್ಮಣಿ ಋಷಿಕೇಶ. ಮುಳಶಿ ಕಡೆಯ ಹುಡುಗ, ಮಾಂತುವಿನ ಓರಗೆಯವನು, ಒಳ್ಳೆಯವನು ಕೂಡ. ಅದು ಇನ್ನೂ ಕಷ್ಟ. ಕೆಟ್ಟವನಾಗಿದ್ದರೆ ದ್ವೇಷಿಸಿಯಾದರೂ ಹಗುರಾಗಬಹುದಿತ್ತು. ಅವನ ಪಟ್ಟು ಧೋಬಿಪಛಾಡ. ಎದುರಾಳಿಯ ತೋಳು ಎಳೆದು ಹಿಡಿದು, ಗಕ್ಕನೆ ತಿರುಗಿ ಬೆನ್ನು ಕೊಟ್ಟು, ಅಗಸರು ಬಟ್ಟೆಯನ್ನು ಕಲ್ಲಿಗೆ ಬಡಿಯುವ ಹಾಗೆ ಹೆಗಲ ಮೇಲಿಂದ ನೆಲಕ್ಕೆ ಬಡಿಯುವ ಪಟ್ಟು. ಅದು ಕೈಗೆ ಹತ್ತಬೇಕಾದರೆ ದಿನವೂ ಭಾರದ ಆಳೊಬ್ಬನನ್ನು ಎತ್ತಿ ಒಗೆಯಬೇಕು. ಆ ಭಾರದ ಆಳು ಮಾಂತು.

"ಮಾಂತ್ಯಾ, ಅಂಗ ದೇ," ಎಂದರು ವಸ್ತಾದರು. ಮೈ ಕೊಡು.

ತಾಲೀಮುಗಳಲ್ಲಿ ಇದು ಹಳೆಯ ರೂಢಿ, ತಪ್ಪೇನಲ್ಲ. ಒಬ್ಬನು ಪಟ್ಟು ಕಲಿಯಬೇಕಾದರೆ ಇನ್ನೊಬ್ಬನು ಮೈ ಕೊಡಲೇಬೇಕು. ಇವತ್ತು ನಾನು, ನಾಳೆ ನೀನು, ಹಾಗೆ ಸರದಿ ತಿರುಗುತ್ತದೆ. ಮೈ ಕೊಡುವವನಿಗೂ ಒಂದು ವಿದ್ಯೆ ಬೇಕು. ಎತ್ತುವವನು ತಿರುಗಿದ ಗಳಿಗೆಗೇ ಕಾಲು ಹಗುರ ಮಾಡಬೇಕು, ಸೊಂಟ ಬಿಗಿಯಬಾರದು, ಅವನ ಬೆನ್ನಿನ ಮೇಲೆ ತಾನೇ ಏರಿದ ಹಾಗೆ ಹೋಗಬೇಕು. ಬಿಗಿದು ನಿಂತರೆ ಇಬ್ಬರಲ್ಲಿ ಒಬ್ಬರ ಮೂಳೆ ಹೋಗುತ್ತದೆ. ಮಾಂತುವಿನ ವಿಷಯದಲ್ಲಿ ಆದದ್ದು ಇಷ್ಟೇ: ಸರದಿ ತಿರುಗಲಿಲ್ಲ.

ಬೆಳಗಿನ ಜಾವಕ್ಕೇ ಎದ್ದು ಅಖಾಡ ಅಗೆದು, ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ ಮೆದು ಮಾಡುತ್ತಿದ್ದವನು ಅವನೇ. ಆಮೇಲೆ ಆ ಮೆದು ಮಣ್ಣಿನ ಮೇಲೆ ಬೀಳುತ್ತಿದ್ದವನೂ ಅವನೇ. ಋಷಿಕೇಶ ಎತ್ತಿ ಒಗೆದಾಗ, ಪಟ್ಟು ಚೊಕ್ಕವಾಗಿ ಬಂದರೆ, ಕಟ್ಟೆಯ ಮೇಲೆ ಕೂತ ವಸ್ತಾದರ ಬಾಯಿಂದ "ಶಾಬ್ಬಾಸ್!" ಬರುತ್ತಿತ್ತು. ಆ ಶಾಬ್ಬಾಸ್ ಋಷಿಕೇಶನಿಗೆ. ಆದರೆ ಪಾಪದ ಹುಡುಗ, ಮಣ್ಣಿನಲ್ಲಿ ಅಂಗಾತ ಬಿದ್ದುಕೊಂಡು ಅದರಲ್ಲಿ ತನ್ನದೂ ಒಂದು ಪಾಲು ಇದೆ ಎಂದುಕೊಳ್ಳುತ್ತಿದ್ದ. ಬೀಳುವುದರಲ್ಲೂ ಹೆಸರು ಮಾಡಿದ. ಬೇರೆ ತಾಲೀಮಿನವರು ಬಂದು ನೋಡಿ, ಮಾಂತ್ಯಾನ ಹಾಗೆ ಮೈ ಕೊಡುವವರು ಪುಣೆಯಲ್ಲೇ ಇಲ್ಲ ಎನ್ನುತ್ತಿದ್ದರು. ಈ ಮಾತನ್ನು ಅವನು ಹಿಗ್ಗಿನಿಂದ ಮಾಮನ ಮನೆಯಲ್ಲಿ ಹೇಳಿದ್ದೂ ಉಂಟು. ನೆನೆದರೆ ಹೊಟ್ಟೆ ಉರಿಯುತ್ತದೆ.

ಪ್ರತಿ ಮಳೆಗಾಲ ಮುಗಿದು ಕುಸ್ತಿಯ ಹಂಗಾಮು ಬಂದಾಗ ವಸ್ತಾದರ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದ. "ಪುಢಚ್ಯಾ ವರ್ಷೀ," ಬರುವ ವರ್ಷ ಎನ್ನುತ್ತಿದ್ದರು ಅವರು. ಹೊಸ ಹುಡುಗರು ಬಂದು, ಕುಸ್ತಿ ಹೊಡೆದು, ಆಟಗಾರರ ಕೋಟಾದಲ್ಲಿ ನೌಕರಿ ಹಿಡಿದು ಹೋದರು. ಮಾಂತು ಅವರಿಗೂ ಮೈ ಕೊಟ್ಟ.

ಕೊನೆಗೂ ಒಂದು ಚಳಿಗಾಲ ಆ ದಿನ ಬಂತು. ನಗರದ ಹೊರಗೊಂದು ದೊಡ್ಡ ಕುಸ್ತಿ ಮೈದಾನ. ಒಂದನೇ ನಂಬರಿನ ಕುಸ್ತಿ ಋಷಿಕೇಶನದು. ಮೂರನೇ ನಂಬರಿನಲ್ಲಿ ಆಡಬೇಕಿದ್ದ ತಾಲೀಮಿನ ಹುಡುಗನಿಗೆ ಜ್ವರ. ಬೇರೆ ಯಾರೂ ಸಿಗದೆ ವಸ್ತಾದರು ಮಾಂತುವಿನ ಕಡೆ ಕೈ ತೋರಿಸಿದರು. ಅವನು ಮಲಕಪ್ಪನಿಗೆ ಫೋನು ಮಾಡಿದ, ಮಲಕಪ್ಪ ಊರಿಗೆ ಮಾಡಿದ. ಚನ್ನಬಸವ್ವ ಎಮ್ಮೆಯನ್ನು ನೆರೆಯವರಿಗೆ ಒಪ್ಪಿಸಿ, ಇಳಕಲ್ ಸೀರೆ ಉಟ್ಟು, ಜೀವಮಾನದಲ್ಲಿ ಮೊದಲ ಸಲ ಪುಣೆಗೆ ಬಂದಿಳಿದಳು.

ಮೈಕಿನವನು ಹೆಸರು ಕೂಗಿದ. ಮಾಂತು ಹಣೆಗೆ ಮಣ್ಣು ಹಚ್ಚಿಕೊಂಡು ಒಳಗೆ ಬಂದ. ಎದುರಾಳಿ ಸಾಂಗಲಿ ಕಡೆಯವನು, ಇವನಿಗಿಂತ ಗಿಡ್ಡ, ಇವನಿಗಿಂತ ಹಗುರ. ಕೈ ಕೈ ಕೂಡಿದ ಕೂಡಲೇ ಮಾಂತುವಿಗೆ ತಿಳಿಯಿತು, ಇವನನ್ನು ಗೆಲ್ಲಬಹುದು. ಕತ್ತಿನ ಮೇಲೆ ಕೈಯಿಟ್ಟು ಒತ್ತಿದಾಗ ಅವನ ಮೊಣಕಾಲು ನಡುಗಿದ್ದು ಕಂಡಿತು. ಹೆಂಗಸರು ಕೂತ ಕಡೆಯಿಂದ ಅವ್ವನ ದನಿ ಬಂತು: "ಬಿಡಬ್ಯಾಡೋ ಮಾಂತೂ!" ಒತ್ತಿದ, ಹಿಂದಕ್ಕೆ ನೂಕಿದ, ಇನ್ನೇನು ಕಾಲಿಗೆ ಕೈ ಹಾಕಬೇಕು.

ಸಾಂಗಲಿಯವನು ಬೇರೆ ದಾರಿ ಕಾಣದೆ ಅವನ ತೋಳು ಹಿಡಿದು ತಿರುಗಿದ. ಅರೆಬರೆ ಧೋಬಿಪಛಾಡ, ಹಿಡಿತವೂ ಸರಿಯಿಲ್ಲ, ಸೊಂಟವೂ ಒಳಗೆ ಬಂದಿಲ್ಲ. ಸುಮ್ಮನೆ ನಿಂತಿದ್ದರೂ ಸಾಕಿತ್ತು. ಆದರೆ ಎದೆಗೆ ಒಂದು ಬೆನ್ನು ತಾಗಿದ್ದೇ ತಡ, ಮಾಂತುವಿನ ಕಾಲು ತಾನಾಗಿಯೇ ಹಗುರಾಯಿತು. ಸೊಂಟ ಸಡಿಲಾಯಿತು. ಅವನು ಬೇಡ ಬೇಡ ಎನ್ನುತ್ತಿರುವಾಗಲೇ ಅವನ ಮೈ ಆ ಹುಡುಗನ ಬೆನ್ನೇರಿ, ಹೆಗಲು ದಾಟಿ, ಎರಡೂ ಭುಜ ಮಣ್ಣಿಗೆ ಊರಿ, ಚಿತ್ತಾಗಿ ಬಿತ್ತು. ಬಲು ಚೊಕ್ಕವಾಗಿ ಬಿತ್ತು.

ಮೈದಾನದ ಮಂದಿ ಬಾಯಿ ತೆರೆಯುವ ಮೊದಲೇ ಅಖಾಡದ ಪಕ್ಕದ ಕಟ್ಟೆಯಿಂದ ಒಂದು ದನಿ ಕೇಳಿಸಿತು. "ಶಾಬ್ಬಾಸ್!"

ವಸ್ತಾದರದು. ರೂಢಿಯ ಬಾಯಿ, ಜಾರಿಬಿಟ್ಟಿತು. ಅವರೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದದ್ದನ್ನು ಮಾಂತು ಬಿದ್ದಲ್ಲಿಂದಲೇ ನೋಡಿದ.

ಮಂದಿಯ ಬಾಯಿಗೆ ಇಷ್ಟು ಸಾಕಾಯಿತು. ಅಷ್ಟು ದೊಡ್ಡ ಆಳು, ಗೆಲ್ಲುತ್ತಿದ್ದವನು, ಹತ್ತಿಯ ಮೂಟೆಯ ಹಾಗೆ ಬಿದ್ದ. ಮೇಲಾಗಿ ಅವನ ವಸ್ತಾದನೇ ಶಾಬ್ಬಾಸ್ ಎಂದ. ದುಡ್ಡು ತಿಂದು ಕುಸ್ತಿ ಮಾರಿದ್ದಾನೆ ಎಂದರು. ಸಾಯಂಕಾಲದೊಳಗೆ ಪೇಟೆಯ ಎಲ್ಲ ತಾಲೀಮುಗಳಿಗೂ ಸುದ್ದಿ ಹರಡಿತು. ಪೈಲ್ವಾನರಲ್ಲಿ ಸೋತವನಿಗೆ ಜಾಗವಿದೆ, ಕುಸ್ತಿ ಮಾರಿದವನಿಗೆ ಯಾವ ತಾಲೀಮಿನಲ್ಲೂ ನೀರು ಕೊಡುವುದಿಲ್ಲ.

ನಡೆದದ್ದೇನೆಂದು ಬಲ್ಲವರು ಒಬ್ಬರೇ. ಅವರು ಬಾಯಿ ಬಿಟ್ಟು ಹೇಳಬಹುದಿತ್ತು: ಈ ಹುಡುಗ ಏನನ್ನೂ ಮಾರಿಲ್ಲ, ನಾನೇ ಇವನಿಗೆ ಬೀಳುವುದನ್ನು ಬಿಟ್ಟು ಬೇರೇನೂ ಕಲಿಸಲಿಲ್ಲ. ಮಾಂತು ತಾಲೀಮಿನ ಬಾಗಿಲಲ್ಲಿ ನಿಂತು ಅದಕ್ಕಾಗಿಯೇ ಕಾದ. ವಸ್ತಾದರು ಮಾರುತಿಗೆ ಊದುಬತ್ತಿ ಹಚ್ಚಿದರು, ಹೂವು ಏರಿಸಿದರು, ಅವನ ಕಡೆ ತಿರುಗಲೇ ಇಲ್ಲ. ದೇವರ ಮುಂದೆ ನಿಂತೇ ಮಾಡಿದರು ಈ ಕೆಲಸ. ಅವನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟ.

ಮಾಮನ ಮನೆಯಲ್ಲಿ ಚನ್ನಬಸವ್ವ ಊರಿಗೆ ಹೊರಡಲು ಗಂಟು ಕಟ್ಟಿ ಕೂತಿದ್ದಳು. ಮಲಕಪ್ಪ ಅಂಗಡಿಯಲ್ಲಿ ಸುದ್ದಿ ಕೇಳಿ ಬಂದು ಅವಳಿಗೆ ಹೇಳಿಬಿಟ್ಟಿದ್ದ.

"ಮಾಂತೂ, ಖರೇ ಹೇಳು," ಎಂದಳು. "ರೊಕ್ಕ ತಗೊಂಡು ಬಿದ್ದಿ ಅಂತಾರ ಮಂದಿ. ಹೌದೇನಪಾ?"

ಇಲ್ಲ ಎನ್ನಲು ಬಾಯಿ ತೆರೆದ. ಇಲ್ಲ ಎಂದರೆ ಮತ್ತೆ ಯಾಕೆ ಬಿದ್ದಿ ಎಂದು ಕೇಳುತ್ತಾಳೆ. ಆಗ ಹೇಳಬೇಕು: ಅವ್ವ, ನೀನು ಹಾಲು ಕುಡಿಸಿ ಬೆಳೆಸಿದ ಮೈ ಇದು, ಇದಕ್ಕೆ ನಿಲ್ಲುವುದೇ ಬರುವುದಿಲ್ಲ, ಇಷ್ಟು ವರ್ಷ ನಾನು ಅಲ್ಲಿ ಪೈಲ್ವಾನನಾಗಿರಲಿಲ್ಲ, ಪೈಲ್ವಾನರು ಎತ್ತಿ ಒಗೆಯುವ ಮೂಟೆಯಾಗಿದ್ದೆ. ಮಾರಿದೆ ಎಂದರೆ ಮಾರಲಿಕ್ಕೆ ತನ್ನಲ್ಲಿ ಏನೋ ಇತ್ತು ಎಂದಾದರೂ ಆಗುತ್ತದೆ.

"ಹೌದವ್ವ," ಎಂದ.

ಚನ್ನಬಸವ್ವ ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಗಂಟನ್ನು ಇನ್ನೊಮ್ಮೆ ಬಿಗಿದಳು. "ಭಾಳ ಖೊಟ್ಟಿ ಕೆಲಸ ಮಾಡಿದಿ," ಎಂದಳು. ಆಮೇಲೆ ತನಗೇ ಎಂಬಂತೆ, "ಆದರ ಮನಸ ಮಾಡಿದ್ರ ಗೆಲ್ತಿದ್ದಿ. ನಾ ನೋಡೇನಲ್ಲ, ಗೆಲ್ತಿದ್ದಿ," ಎಂದಳು. ಆ ನಂಬಿಕೆಯನ್ನು ಗಂಟಿನಲ್ಲಿಟ್ಟುಕೊಂಡೇ ಊರಿಗೆ ಹೋದಳು, ಅದನ್ನು ನಂಬಿಕೊಂಡೇ ಹೋದ ವರ್ಷ ತೀರಿಕೊಂಡಳು. ಮಗ ಹೆಣಕ್ಕೆ ಹೆಗಲು ಕೊಟ್ಟಾಗಲೂ ನಿಜ ಹೇಳಲಿಲ್ಲ.

ಋಷಿಕೇಶ ಈಗ ಚಾಕಣದ ರಸ್ತೆಯಲ್ಲಿ ಮಕ್ಕಳಿಗೆ ಕುಸ್ತಿ ಕಲಿಸುವ ಅಕಾಡೆಮಿ ಇಟ್ಟಿದ್ದಾನೆ. ಮಣ್ಣಿಲ್ಲ, ಮ್ಯಾಟು. ತಾಲೀಮು ಬಿಟ್ಟು ಕಾರ್ಖಾನೆ ಸೇರಿದ್ದ ಮಾಂತುವನ್ನು ಅವನೇ ಹುಡುಕಿಕೊಂಡು ಬಂದ. "ಮಂದಿ ಏನಾದರೂ ಅನ್ನಲಿ, ಮಾಂತ್ಯಾ. ನೀನು ಬಂದು ಮಕ್ಕಳಿಗೆ ಮೈ ಕೊಡು," ಎಂದು ಮರಾಠಿಯಲ್ಲಿ, ಪ್ರೀತಿಯಿಂದಲೇ ಕರೆದ. ಬೇರೆ ಯಾವ ವಿದ್ಯೆ ಇತ್ತು? ಮಾಂತು ಒಪ್ಪಿದ. ಕಾರ್ಖಾನೆಯ ಪಾಳಿ ಮುಗಿಸಿ ಸಂಜೆ ಅಲ್ಲಿಗೆ ಹೋಗುತ್ತಾನೆ, ಮಕ್ಕಳು ಸಾಲಾಗಿ ಬಂದು ಅವನನ್ನು ಕೆಡವುತ್ತವೆ.

ಅವರಲ್ಲೊಬ್ಬಳು ಅಪೇಕ್ಷಾ. ಚಿಂಚವಡದಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಹರಿಣಾಕ್ಷಿಯ ಮಗಳು, ಹನ್ನೆರಡು ವರ್ಷದ ಕಡ್ಡಿಪೈಲ್ವಾನಳು. ಕನ್ನಡ ಮಾತಾಡುವ ಆಸೆಗೆ ಅವಳಿಗೆ ಮಾಂತು ಮಾಮನೇ ಬೇಕು. ಮೊನ್ನೆ ಬಂದವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮಾಮ, ನೀವು ಬೇಕಂತಲೇ ಬೀಳುದು. ನಂಗೆ ಗೊತ್ತುಂಟು."

"ಇಲ್ಲವಾ, ನಿನಗ ಶಕ್ತಿ ಬಂದೈತಿ."

"ಸುಳ್ಳು ಹೇಳ್ಬೇಡಿ. ಭಾನುವಾರ ನಂಗೆ ಕಾಂಪಿಟೀಶನ್ ಉಂಟು. ಇವತ್ತು ನಿಜವಾಗಿ ನಿಲ್ಲಿ. ನೀವು ಬೀಳದಿದ್ರೆ ನಾನು ಅಲ್ಲಿ ಧೋಬಿಪಛಾಡ ಹಾಕುದೇ ಇಲ್ಲ, ಬೇರೆ ಏನಾದ್ರೂ ಮಾಡ್ತೇನೆ."

ಮಗು ಸರಿಯಾದದ್ದನ್ನೇ ಕೇಳಿತು. ಇಷ್ಟು ವರ್ಷದಲ್ಲಿ ಅವನನ್ನು ನಿಲ್ಲು ಎಂದು ಕೇಳಿದವರು ಇವಳೊಬ್ಬಳೇ. "ಆತು, ನಿಲ್ತೀನಿ," ಎಂದ. ಅಗಲಕ್ಕೆ ಕಾಲಿಟ್ಟು ಊರಿ ನಿಂತ. ನಿಲ್ಲುವುದೇನು ಮಹಾ, ಒಂದು ಕೈಯಲ್ಲಿ ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳುವಷ್ಟು ಹುಡುಗಿ. ಆದರೂ ಹಿಮ್ಮಡಿಯನ್ನು ಮ್ಯಾಟಿಗೆ ಒತ್ತಿದ. ಹಲ್ಲು ಕಚ್ಚಿದ. ನಿಲ್ಲು, ನಿಲ್ಲು ಎಂದು ತನ್ನ ಕಾಲಿಗೆ ತಾನೇ ಹೇಳಿಕೊಂಡ.

ಅಪೇಕ್ಷಾ ಅವನ ತೋಳು ಹಿಡಿದಳು, ತಿರುಗಿದಳು. ಆ ಸಣ್ಣ ಬೆನ್ನು ಅವನ ಹೊಟ್ಟೆಗೆ ತಾಗಿತು.

ಕಣ್ಣು ಬಿಟ್ಟಾಗ ಮೇಲೆ ತಗಡಿನ ಚಾವಣಿ ಕಾಣುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಹುಡುಗಿ ಅವನ ಮುಖದ ಮೇಲೆ ಬಗ್ಗಿದ್ದಳು, ಕಣ್ಣು ಇಷ್ಟಗಲ ಮಾಡಿಕೊಂಡು.

"ಮಾಮ! ಬೇಕಂತ ಬಿದ್ದದ್ದಾ? ದೇವರಾಣೆ ಹೇಳಿ."

"ಇಲ್ಲವಾ. ದೇವರಾಣಿ, ಬೇಕಂತ ಬಿದ್ದಿಲ್ಲ," ಎಂದ ಮಾಂತು. ಅವನು ಜೀವಮಾನದಲ್ಲಿ ಆಡಿದ ಅತಿ ನಿಜವಾದ ಮಾತು ಅದು.

ಅವಳು ಕಿರುಚಿಕೊಂಡು, ಬೆಂಚಿನ ಮೇಲೆ ಕೂತಿದ್ದ ಅಮ್ಮನ ಹತ್ತಿರ ಓಡಿದಳು. ಭಾನುವಾರ ಇದೇ ಪಟ್ಟು ಹಾಕುತ್ತಾಳೆ, ಇದನ್ನೇ ನಂಬಿ ತಿರುಗಿ ಬೆನ್ನು ಕೊಡುತ್ತಾಳೆ. ಎದುರಿಗಿರುವ ಹುಡುಗಿ ಬೀಳುವುದಿಲ್ಲ. ಬೆನ್ನು ಕೊಟ್ಟವಳ ಗತಿ ಏನಾಗುತ್ತದೆ ಎಂಬುದು ಮಾಂತುವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕರೆಯಬೇಕು, ಕರೆದು ಹೇಳಬೇಕು: ಮಗಾ, ನನ್ನನ್ನು ಕೆಡವಿದ್ದು ನಿನ್ನ ಪಟ್ಟಲ್ಲ, ಬೀಳಲು ಕಲಿತ ನನ್ನ ಕಾಲು. ಹೇಳಿದರೆ ಉಳಿದದ್ದೆಲ್ಲವನ್ನೂ ಹೇಳಬೇಕಾಗುತ್ತದೆ. ಹರಿಣಾಕ್ಷಿ ಕೇಳಿಸಿಕೊಳ್ಳುತ್ತಾಳೆ. ಬಾಗಿಲಲ್ಲಿ ನಿಂತ ಋಷಿಕೇಶನೂ ಕೇಳಿಸಿಕೊಳ್ಳುತ್ತಾನೆ.

ಅಪೇಕ್ಷಾ ಅಲ್ಲಿಂದಲೇ ಕೈ ಬೀಸಿ, "ಅಲ್ವಾ ಮಾಮ?" ಎಂದು ಕೂಗಿದಳು.

ಮಾಂತು ಮ್ಯಾಟಿನ ಮೇಲೆ ಬಿದ್ದಲ್ಲಿಂದಲೇ ತಲೆ ಎತ್ತಿದ.

"ಶಾಬ್ಬಾಸ್," ಎಂದ.