ನಮ್ಮವರ ಆಫೀಸಿಗೆ ನಾನು ಆರಿಸಿದ ಪುಸ್ತಕ

ಕುವೈತಿಗೆ ಬಂದ ಮೊದಲ ವಾರ, ಶುಕ್ರವಾರ ಬೆಳಿಗ್ಗೆ, ನಮ್ಮವರು ಇಸ್ತ್ರಿ ಅಂಗಿ ಹಾಕಿಕೊಂಡು, "ಹೊರಡು ಫ್ಲೇವಿ, ಭಾನುವಾರದ ಬಲಿಪೂಜೆಗೆ ತಡವಾಯ್ತು" ಅಂದರು. ನಾನು ಗಾಬರಿಯಾಗಿ ಕ್ಯಾಲೆಂಡರ್ ನೋಡಿದೆ. ಇಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮ್ಮ ಭಾನುವಾರವೂ ಆವತ್ತೇ. ನಿಜವಾದ ಭಾನುವಾರ ಎಲ್ಲರೂ ಆಫೀಸಿಗೆ!

ಉಡುಪಿ ಹತ್ತಿರದ ನಮ್ಮೂರಲ್ಲಿ ಸಂಜೆ ಇಗರ್ಜಿಯ ಗಂಟೆ ಬಾರಿಸಿದರೆ, ಹೆಚ್ಚುತ್ತಿದ್ದ ಮೀನನ್ನೂ ಬಿಟ್ಟು ತೇರ್ಸ್‌ಗೆ, ಅಂದರೆ ಜಪಸರದ ಪ್ರಾರ್ಥನೆಗೆ, ಕೂರುತ್ತಿದ್ದೆವು. ಕುವೈತಿನ ಬ್ನೇದ್ ಅಲ್ ಗಾರ್‌ನ ಈ ಫ್ಲ್ಯಾಟಿಗೆ ಯಾವ ಗಂಟೆಯೂ ಕೇಳುವುದಿಲ್ಲ. ದೇವರ ದಯೆ, ಕೆಳಗಿನ ಬಕಾಲಾದಲ್ಲಿ, ಅಂದರೆ ದಿನಸಿ ಅಂಗಡಿಯಲ್ಲಿ, ಕುಚ್ಚಲಕ್ಕಿ ಸಿಗುತ್ತದೆ. ಆದರೆ ಮೊದಲ ವರ್ಷ ತೇರ್ಸ್ ಎಷ್ಟೋ ಸಂಜೆ ತಪ್ಪಿತು. ಆಮೇಲೆ ತಪ್ಪುವುದು ತಾನಾಗಿ ನಿಂತಿತು. ಯಾಕೆ ಎಂದು ಯೋಚಿಸಿರಲೇ ಇಲ್ಲ.

ಅಷ್ಟರಲ್ಲಿ ನಮ್ಮವರಿಗೆ ಆಫೀಸಿನಲ್ಲಿ ಹೊಸ ಕೆಲಸ ಬಂತು, ಪ್ರಾಡಕ್ಟ್ ಮ್ಯಾನೇಜರ್. ಫೋನಿನಲ್ಲಿ ಮನೆಸಾಮಾನು ತರಿಸುವ ಆ್ಯಪ್ ಹೇಗಿರಬೇಕು, ಜನ ಅದನ್ನು ಹೇಗೆ ಬಳಸಬೇಕು ಎಂದು ತೀರ್ಮಾನಿಸುವವರು. ಈಜಿಪ್ಟಿನ ಬಾಸ್ ಹೇಳಿದರಂತೆ: ಮನುಷ್ಯರಿಗೆ ಅಭ್ಯಾಸ ಹೇಗೆ ಹತ್ತುತ್ತದೆ ಎನ್ನುವ ಒಂದು ಒಳ್ಳೆಯ ಪುಸ್ತಕ ಆರಿಸು, ನಮ್ಮ ತಂಡವೆಲ್ಲ ಓದುವಂಥದ್ದು, ಅದೇ ಯಾಕೆ ಎಂದು ಬರುವ ಭಾನುವಾರ ನೀನೇ ವಿವರಿಸು. ಅದು ಸರಿಹೋದರೆ ಕೆಲಸ ಕಾಯಂ. ಹೋಗದಿದ್ದರೆ? ಕೆಲಸದ ಜೊತೆ ಇಕಾಮಾ, ಇಲ್ಲಿ ವಾಸಿಸುವ ಪರವಾನಿಗೆ, ಅದೂ ಹೋಗುತ್ತದೆ. ಮಗಳು ರಿಯಾಳ ಶಾಲೆ, ಈ ಮನೆ, ಎಲ್ಲವೂ.

ಮೂರು ಇಂಗ್ಲಿಷ್ ಪುಸ್ತಕ ತಂದು ಮೇಜಿನ ಮೇಲಿಟ್ಟರು. "ನನಗೆ ಪುರುಸೊತ್ತಿಲ್ಲ ಮಾರಾಯ್ತಿ. ನೀನು ಓದಿ ಹೇಳು."

"ನಾನಾ? ಮದುವೆಯಾದ ಮೇಲೆ ಅಡುಗೆ ಪುಸ್ತಕ ಬಿಟ್ಟು ಬೇರೆ ಮುಟ್ಟಿದ್ದೇನಾ?"

ಮುಟ್ಟಿದೆ! ಅನ್ನ ಬೇಯುವಾಗ, ಬಟ್ಟೆ ಒಣಗುವಾಗ, ಪದಕೋಶ ಪಕ್ಕದಲ್ಲಿಟ್ಟು ಓದಿದೆ. ಕಾಲೇಜಿನ ದಿನಗಳ ಹುರುಪು ಮರಳಿ ಬಂತು. ಒಂದರ ತುಂಬ ಬೆಳಗಿನ ಜಾವ ಎದ್ದು ದೊಡ್ಡವರಾದವರ ಕಥೆ. ಅವರ ಮನೆಯಲ್ಲಿ ತಿಂಡಿ ಮಾಡಿದವರು ಎಷ್ಟಕ್ಕೆ ಎದ್ದರೋ, ಅದರಲ್ಲಿ ಬರೆದಿರಲಿಲ್ಲ. ಇನ್ನೊಂದು, ಫೋನ್ ಟಿಣ್ ಟಿಣ್ ಅನ್ನಿಸಿ ಜನ ಕೆಳಗಿಡದ ಹಾಗೆ ಮಾಡುವುದನ್ನು ಕಲಿಸುತ್ತಿತ್ತು. ಓದುತ್ತಾ ತಲೆ ಎತ್ತಿದರೆ ರಿಯಾ ಫೋನಿಗೆ ಅಂಟಿಕೊಂಡಿದ್ದಾಳೆ. ಊಟಕ್ಕೆ ಕರೆದರೆ, "ಮಮ್ಮಿ, ಜಸ್ಟ್ ವನ್ ಮಿನಿಟ್!" ಆ ಪುಸ್ತಕ ಮುಚ್ಚಿದೆ.

ಮೂರನೆಯದು ಸಣ್ಣದು. ಹೊಸ ಅಭ್ಯಾಸವನ್ನು ದಿನದಲ್ಲಿ ಈಗಾಗಲೇ ಇರುವ ಯಾವುದಕ್ಕಾದರೂ ಕಟ್ಟು ಎನ್ನುತ್ತದೆ. ಅದನ್ನು ಓದುತ್ತಿದ್ದಾಗ ಪಕ್ಕದ ಮಸೀದಿಯಿಂದ ಸಂಜೆಯ ಅಜಾನ್ ಕೇಳಿತು. ಪುಸ್ತಕ ಕೆಳಗಿಟ್ಟೆ, ಎದ್ದೆ, ದೇವರ ಮುಂದೆ ಮೊಂಬತ್ತಿಗೆ ಕಡ್ಡಿ ಗೀರಿದೆ. ಗೀರಿ ಹಾಗೇ ನಿಂತೆ. ಅಯ್ಯೋ ದೇವರೇ, ನನ್ನನ್ನು ದಿನಾ ತೇರ್ಸ್‌ಗೆ ಎಬ್ಬಿಸುತ್ತಿದ್ದದ್ದು ಈ ಅಜಾನೇ!

ನಮ್ಮವರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, ಮೂರನೆಯ ಪುಸ್ತಕವೇ ಸರಿ ಎಂದೆ, ಯಾಕೆ ಎಂದೂ ಹೇಳಿದೆ. ಅವರಿಗೆ ನಗು. "ಆಫೀಸಿನಲ್ಲಿ ಹೋಗಿ ನಿನ್ನ ತೇರ್ಸ್ ಕಥೆ ಹೇಳಲಾ?"

"ತೇರ್ಸ್ ಬೇಡ. ಗುರುವಾರ ಸಂಜೆ ಇಲ್ಲಿನ ಹೆಂಗಸರೆಲ್ಲ ರಜೆಯ ಅಡುಗೆಗೆ ಫ್ರಿಜ್ ತೆರೆದು ನೋಡುತ್ತಾರಲ್ಲ, ನಿಮ್ಮ ಆ್ಯಪ್ ಆಗ ಒಮ್ಮೆ ನೆನಪಿಸಲಿ. ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರಲಿ."

ಅವರು ಪೆನ್ನು ಹುಡುಕಿದರು.

ಭಾನುವಾರ ಮಧ್ಯಾಹ್ನ ಫೋನ್ ಬಂತು. "ಬಾಸ್ 'ಯಲ್ಲಾ, ಶುರು ಮಾಡಿ, ಇದೇ ಪುಸ್ತಕ' ಅಂದರು, ಫ್ಲೇವಿ! ಕೆಲಸ ಕಾಯಂ!" ಅಡುಗೆಮನೆಯಲ್ಲೇ ಮೊಣಕಾಲೂರಿದೆ. ಕಣ್ಣೀರು, ನಗು ಎರಡೂ ಒಟ್ಟಿಗೆ.

ಆ ಬೇಸಿಗೆ ರಜೆಗೆ ಊರಿಗೆ ಹೋದೆವು. ಸಂಜೆ ಇಗರ್ಜಿಯ ಗಂಟೆ ಬಾರಿಸಿತು. ಮನೆಮಂದಿ ಎಲ್ಲ ಎದ್ದರು. ನಾನು ಜಗಲಿಯಲ್ಲಿ ಕೂತೇ ಇದ್ದೆ, ಏನನ್ನೋ ಕಾಯುವವಳ ಹಾಗೆ.

"ಎಂತ ಫ್ಲೇವಿ, ಗಂಟೆ ಕೇಳಲಿಲ್ಲವಾ?" ಅತ್ತೆ ಒಳಗಿಂದ ಕೂಗಿದರು.

"ಕೇಳಿತು ಮಾಂಯ್, ಬಂದೆ."

ಕೇಳಿದ್ದು ನಿಜ. ಆದರೆ ನನ್ನನ್ನು ಎಬ್ಬಿಸುವ ಸದ್ದು ಸಮುದ್ರದ ಆಚೆ ಉಳಿದಿತ್ತು.