ನಮ್ಮ ಮನೆ ಹೆಂಚಿನ ನಂಬರ್

ಮೇ ತಿಂಗಳ ಒಂದು ಸಂಜೆ ನಮ್ಮವರು ಆಫೀಸಿನ ಟೈಪ್‌ರೈಟರಿನಲ್ಲಿ ಒಂದು ಇಂಗ್ಲಿಷ್ ಕಾಗದ ಹೊಡೆಸಿಕೊಂಡು ಬಂದರು. ತಲೆಯ ಮೇಲೆ ಕೆಂಪು ರಿಬ್ಬನ್ನಿನಲ್ಲಿ 'ಮೋಸ್ಟ್ ಅರ್ಜೆಂಟ್', ಅದರ ಕೆಳಗೆ ಒಂದು ಗೆರೆ ಬೇರೆ. ಯಾರಿಗೆ ಗೊತ್ತೆ? ಹೆಂಚು ಕೈಯಾಡಿಸುವ ಧೋಂಡುವಿಗೆ.

ಧೋಂಡುವಿಗೆ ಇಂಗ್ಲಿಷ್ ಬರುವುದಿಲ್ಲ. ಮರಾಠಿ ಬರುತ್ತದೆ, ಓದಲು ಬರುವುದಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೊತ್ತಿಕೊಂಡು, ಗೋಡೆಯ ಮೇಲಿನ ದೇವರ ಪಟದ ಹಿಂದೆ ಸಿಕ್ಕಿಸಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ನಂಬರ್ ಯೇವೂ ದ್ಯಾ, ಬಾಯಿ" ಎಂದ. ನಿಮ್ಮ ನಂಬರ್ ಬರಲಿ ತಾಯಿ, ಎಂದರ್ಥ.

ಆ ನಂಬರಿನ ಗೋಳೇ ಈ ವಾರದ ಅಂಕಣ.

ನೀವೆಲ್ಲ ಮಾಟುಂಗಾ, ವಡಾಲದ ಬಿಲ್ಡಿಂಗುಗಳಲ್ಲಿ ಇರುವವರು. ನಿಮ್ಮ ತಲೆಯ ಮೇಲೆ ಇನ್ನೊಬ್ಬರ ಮನೆ ಇರುತ್ತದೆ. ಅಲ್ಲಿಂದ ಒರಳಿನ ಸದ್ದು ಬರಬಹುದು, ಮಳೆ ಬರುವುದಿಲ್ಲ. ನಾವಿರುವುದು ಪವಾಯಿ ಕೆರೆಯ ದಂಡೆಯ ಹಳ್ಳಿಯಲ್ಲಿ. (ವಡಾಲದ ನಮ್ಮ ಅತ್ತಿಗೆ ಇದನ್ನು ಮುಂಬಯಿ ಎಂದು ಒಪ್ಪುವುದೇ ಇಲ್ಲ. "ಹುಲಿ ಬರತ್ತಂತೆ, ಹೌದೇನೇ?" ಎಂದು ಕಂಡಾಗಲೆಲ್ಲ ಕೇಳುತ್ತಿದ್ದರು.) ಎರಡು ವರ್ಷದ ಹಿಂದೆ ಒಂದು ಭಾನುವಾರ ಕೆರೆ ನೋಡಲು ಬಂದ ನಮ್ಮವರು ಗದ್ದೆ, ನಾಡಹೆಂಚಿನ ಮನೆ, ಹಿತ್ತಲ ಬಾವಿ ಎಲ್ಲ ನೋಡಿ, "ಥೇಟ್ ನಮ್ಮೂರೇ ಕಣೇ!" ಎಂದರು. ಮುಂದಿನ ತಿಂಗಳು ನಮ್ಮ ಸಾಮಾನು ಎತ್ತಿನಗಾಡಿಯ ಮೇಲಿತ್ತು.

ನಮ್ಮೂರಂತೆ! ನಮ್ಮೂರು ಮಂಡ್ಯದ ಹತ್ತಿರ. ಅಲ್ಲಿ ನಾನು ಬಾಯಿಬಿಟ್ಟರೆ ಜನಕ್ಕೆ ಅರ್ಥವಾಗುತ್ತದೆ. ಇಲ್ಲಿ ಬೆಳಿಗ್ಗೆ ಎಂಟರ ಲೋಕಲ್ ಹಿಡಿಯಲು ಅವರು ಹೊರಟರೆಂದರೆ ಸಂಜೆಯವರೆಗೆ ಹಾಲಿನವಳು, ಅವಳ ಎಮ್ಮೆ, ಬಾವಿಯ ರಾಟೆ, ಹಿತ್ತಲಿನ ಹಾವು, ಮರಾಠಿ, ಎಲ್ಲ ನನ್ನ ಪಾಲಿಗೆ. ಹಳ್ಳಿಯ ಸುಖ ಅವರಿಗೆ ಭಾನುವಾರ. ನನಗೆ ಉಳಿದ ಆರು ದಿನ.

ಇರಲಿ, ಹೆಂಚಿಗೆ ಬರೋಣ. ನಾಡಹೆಂಚು ಸೀಳಿದ ಕೊಳವೆಯ ಹಾಗಿರುತ್ತದೆ. ಒಂದು ಅಂಗಾತ, ಒಂದು ಬೋರಲು, ಹೀಗೆ ಸಾಲಾಗಿ ಕೂತಿರುತ್ತವೆ. ವರ್ಷವಿಡೀ ಕಾಗೆ, ಅಳಿಲು, ಬೆಕ್ಕು ಓಡಾಡಿ ಅವನ್ನು ಜರುಗಿಸುತ್ತವೆ. ಮಳೆಗೆ ಮುಂಚೆ ಎಲ್ಲ ಇಳಿಸಿ, ಒಡೆದದ್ದನ್ನು ತೆಗೆದು, ಮತ್ತೆ ಕೂರಿಸಬೇಕು. ಇಡೀ ಹಳ್ಳಿಯಲ್ಲಿ ಆ ಕೆಲಸ ಬಲ್ಲವನು ಧೋಂಡು ಒಬ್ಬನೇ.

ಮೇ ಮೊದಲ ವಾರವೇ ಹೋಗಿ ಹೇಳಿಬಂದೆ. ನಂಬರ್ ಬರಲಿ, ಎಂದ. ನಾಲ್ಕು ದಿನ ಬಿಟ್ಟು ಹೋದೆ. ನಂಬರ್. ಅರ್ಜೆಂಟ್ ಇದೆಯಪ್ಪಾ ಎಂದೆ. ಎಲ್ಲರಿಗೂ ಅರ್ಜೆಂಟೇ, ಎಂದ.

ನಂಬರ್ ಎಂದ ಮೇಲೆ ಒಂದು ಕ್ರಮ ಇರಬೇಕಲ್ಲವೇ? ದಿನಾ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಹಾಲು ಎಷ್ಟು, ಅಗಸ ಬಂದನೇ ಎಂದು ಬರೆದಿಡುವುದು ನನ್ನ ಹಳೆಯ ಅಭ್ಯಾಸ. ಅದರ ಜೊತೆಗೆ ಧೋಂಡುವಿನ ಏಣಿ ಆ ದಿನ ಯಾವ ಮನೆಗೆ ಒರಗಿತ್ತು ಎಂದೂ ಬರೆಯತೊಡಗಿದೆ. ಮೊದಲ ದಿನ ಪಕ್ಕದ ಗಂಗೂಬಾಯಿಯ ಮನೆ. (ಗಂಗೂಬಾಯಿ ವಿಧವೆ, ಸೊಪ್ಪು ಬೆಳೆದು ಮಾರುತ್ತಾಳೆ, ನನ್ನನ್ನು 'ವಹಿನೀ', ಅಂದರೆ ಅತ್ತಿಗೆ, ಎಂದು ಕರೆಯುತ್ತಾಳೆ.) ಸರಿ, ಇನ್ನು ನಮ್ಮದೇ ಎಂದು ಮಂಚ, ಪೆಟ್ಟಿಗೆಗಳಿಗೆಲ್ಲ ಬಟ್ಟೆ ಮುಚ್ಚಿ ಕಾದೆ. ಮರುದಿನ ಏಣಿ ಕೆರೆ ಏರಿಯ ಕೆಳಗಿನ ಒಂಟಿ ಮನೆಗೆ ಹೋಗಿತ್ತು! ಅಲ್ಲಿಂದ ಮಾರುತಿ ಗುಡಿಯ ಹಿಂದಿನ ಸಾಲಿನಲ್ಲಿ ನಾಲ್ಕನೆಯ ಮನೆಗೆ. ಒಂದು, ಎರಡು, ಮೂರು ಬಿಟ್ಟು ನಾಲ್ಕನೆಯದಕ್ಕೆ! ಉಳ್ಳವರಿಗೆ ಮೊದಲೋ ಎಂದರೆ ಪಾಟೀಲನ ದೊಡ್ಡ ಮನೆಯನ್ನು ಮುಟ್ಟಿಯೇ ಇಲ್ಲ. ನೆಂಟರಿಗೆ ಮೊದಲೋ ಎಂದರೆ ಧೋಂಡುವಿನ ಸ್ವಂತ ಅಣ್ಣನ ಮನೆ ಹಾಗೇ ಇದೆ. ಇದ್ಯಾವ ನಂಬರು?

ನನಗೇಕೆ ಅಷ್ಟು ಅವಸರ? ಈಗ ಹೇಳಬಹುದು. ಪುಣೆಯಲ್ಲಿರುವ ಮಗಳು ಶಾರದೆ ಬಾಣಂತನಕ್ಕೆ ಬರುವವಳಿದ್ದಳು. ಹೋದ ವರ್ಷ ಮೂರನೆಯ ತಿಂಗಳಿಗೇ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಐದನೆಯದರಲ್ಲಿ ಹೋಗಿಬಿಟ್ಟಿತು. ಆಮೇಲೆ ಕೇಳಿದವರಿಗೆಲ್ಲ ಅದನ್ನೂ ನಾನೇ ಹೇಳಬೇಕಾಯಿತು. ಈ ಸಲ ಕೂಸು ಕೈಗೆ ಬರುವ ತನಕ ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದೆ. ಅತ್ತಿಗೆಗೂ ಹೇಳಲಿಲ್ಲ. (ಅವರು ಈಗ ಮಾತು ಬಿಟ್ಟಿದ್ದಾರೆ. ಹುಲಿಯ ವಿಚಾರಣೆಯೂ ನಿಂತಿದೆ.)

ಬಾಣಂತಿಗೆಂದು ಇಟ್ಟಿದ್ದು ಹಿಂದಿನ ಕೋಣೆ. ಸೋರುವುದರಲ್ಲೂ ಅದೇ ಮುಂದು. ಹಸಿಬಾಣಂತಿ, ಹಸುಗೂಸು, ಮೇಲಿನಿಂದ ನೀರು.

ಕಾಗದಕ್ಕೂ ಧೋಂಡು ಜಗ್ಗದಿದ್ದಾಗ ನಮ್ಮವರು ಗ್ರಾಂಟ್ ರೋಡಿನ ಪರಿಚಯದ ಉಡುಪಿ ಹೋಟೆಲಿನವರನ್ನು ಹಿಡಿದರು. ಅವರು ತಮ್ಮ ಕಡೆಯ ಒಬ್ಬ ಹೆಂಚಿನ ಮೇಸ್ತ್ರಿಯನ್ನು ಕಳಿಸಿದರು. ಬಂದ, ಕಾಫಿ ಕುಡಿದ, ಹಿಂದಿನ ಕೋಣೆಯ ಮೇಲೆ ಹತ್ತಿದ.

"ಇದೆಂಥದು ಅಮ್ಮ? ಇದು ಹೆಂಚಾ?" ಎಂದು ಮೇಲಿನಿಂದ ಕೂಗಿದ.

"ಹೆಂಚಲ್ಲದೆ ಇನ್ನೇನಪ್ಪಾ?"

"ಮಡಕೆ ತುಂಡಿನ ಹಾಗೆ ಉಂಟು. ನಮ್ಮ ಮಂಗಳೂರು ಹೆಂಚಾದ್ರೆ ಒಂದಕ್ಕೊಂದು ಕಚ್ಚಿ ಕೂತ್ಕೊಳ್ತದೆ. ಇದು ಕೂತ್ಕೊಳ್ಳುದೇ ಇಲ್ಲ!"

ಮಧ್ಯಾಹ್ನದ ಹೊತ್ತಿಗೆ ಮೂವತ್ತು ನಲವತ್ತು ಹೆಂಚು ಅಂಗಳದಲ್ಲಿ ಚೂರಾಗಿ ಬಿದ್ದಿದ್ದವು. ಸ್ಟೇಷನ್ ಹತ್ತಿರ ಊಟ ಮಾಡಿ ಬರುತ್ತೇನೆ ಎಂದು ಹೋದ. ಇನ್ನೂ ಊಟ ಮಾಡುತ್ತಿದ್ದಾನೆ.

ಕೋಣೆಯ ಮೇಲೆ ಎಮ್ಮೆಕರು ತೂರುವಷ್ಟು ತೂತು. ಸಂಜೆ ಧೋಂಡು ಆ ದಾರಿಯಲ್ಲಿ ಹೋಗುತ್ತ ಒಂದು ಸಲ ತಲೆಯೆತ್ತಿ ನೋಡಿದ. ಮೀಸೆ ಸರಿಮಾಡಿಕೊಂಡು ಮುಂದೆ ಹೋದ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಅಷ್ಟರಲ್ಲಿ ಜೂನ್ ಬಂತು. ಕೆರೆಯ ಆಚೆಯ ಗುಡ್ಡದ ಮೇಲೆ ಮೋಡ ಕೂತಿತು. ಶಾರದೆಯೂ ಬಂದಳು.

ಭಾಂಡುಪ್ ಸ್ಟೇಷನ್ನಿನಿಂದ ಟಾಂಗಾ ಮಾಡಿ ಕರೆತಂದೆ. ಆ ಸೆಕೆಯಲ್ಲಿ ಅವಳಿಗೆ ಶಾಲು ಹೊದಿಸಿ ಇಳಿಸಿದೆ. ಎಂಟು ತಿಂಗಳ ಹೊಟ್ಟೆ ಶಾಲಿನಡಿ ಅಡಗುತ್ತದೆಯೇ? ಜಗುಲಿಯ ಮೇಲೆ ಸೊಪ್ಪು ಸೋಸುತ್ತಿದ್ದ ಗಂಗೂಬಾಯಿ ಮೊರವನ್ನು ಅಲ್ಲೇ ಬಿಟ್ಟು ಎದ್ದು ನಿಂತಳು. ನಾನು ಅತ್ತ ನೋಡದೆ ಮಗಳನ್ನು ಒಳಗೆ ಎಳೆದುಕೊಂಡೆ.

ಹಿಂದಿನ ಕೋಣೆಗೆ ಹೋದವಳೇ ಶಾರದೆ ಮೇಲೆ ನೋಡಿದಳು. "ಅಮ್ಮಾ! ಇದೇನಮ್ಮ, ಆಕಾಶ ಕಾಣ್ತಿದೆ!"

"ಗಾಳಿ ಬರಲಿ ಅಂತ" ಎಂದೆ. ಇನ್ನೇನು ಹೇಳಲಿ?

ಮರುದಿನ ಹಾಲು ಒಲೆಯ ಮೇಲಿಟ್ಟಿದ್ದೇನೆ, ತಲೆಯ ಮೇಲೆ ದಡದಡ ಸದ್ದು. ಹೊರಗೆ ಓಡಿ ನೋಡಿದರೆ ಧೋಂಡು! ಅವನ ಜೊತೆ ಇನ್ನೂ ಮೂವರು. ಗಂಗೂಬಾಯಿ ಸೀರೆ ಕಚ್ಚೆ ಬಿಗಿದು ಕೆಳಗಿನಿಂದ ಹೆಂಚು ಎತ್ತಿ ಕೊಡುತ್ತಿದ್ದಾಳೆ. ಒಡೆದು ಹೋದದ್ದಕ್ಕೆ ಬದಲು ಪಾಟೀಲನ ಹಿತ್ತಲಿನಿಂದ ಒಂದು ಗಾಡಿ ಹೆಂಚು ಬಂದಿದೆ.

ಧೋಂಡು ಮೇಲಿನಿಂದಲೇ ಶುರುಮಾಡಿದ. (ಮರಾಠಿಯಲ್ಲಿ ಬೈದದ್ದು, ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ.)

"ಬಾಯಿ, ಎಷ್ಟು ಸಲ ಬಂದ್ರಿ ನಮ್ಮನೆಗೆ?"

"ಎಂಟು ಸಲ." ಹಾಳೆಯಲ್ಲಿ ಬರೆದಿದೆಯಲ್ಲ.

"ಎಂಟು ಸಲವೂ ಅರ್ಜೆಂಟ್ ಅರ್ಜೆಂಟ್ ಅಂದ್ರಿ. ಸಾಹೇಬರು ಕಾಗದ ಕೊಟ್ರು. ಪರವೂರಿನವನನ್ನು ಕರೆಸಿ ಮನೆ ಒಡೆಸಿಕೊಂಡ್ರಿ. ಮಗಳು ಬಾಣಂತನಕ್ಕೆ ಬರ್ತಾಳೆ ಅಂತ ಒಂದೇ ಒಂದು ಸಲ ಹೇಳೋಕೆ ನಿಮಗೇನಾಗಿತ್ತು?"

"ಅದು... ಹಾಗಲ್ಲ ಧೋಂಡು..."

"ನಾನೇನು ದೆವ್ವವಾ, ಕೇಳಿದ ಕೂಡಲೇ ದೃಷ್ಟಿ ಹಾಕೋಕೆ?"

ಗಂಗೂಬಾಯಿ ಹೆಂಚು ಕೈಯಲ್ಲಿ ಹಿಡಿದೇ ನನ್ನ ಕಡೆ ತಿರುಗಿದಳು. "ವಹಿನೀ, ಮೊದಲು ಗಂಡು ದಿಕ್ಕಿಲ್ಲದ ಮನೆ. ಆಮೇಲೆ ಹಾಸಿಗೆ ಹಿಡಿದವರದ್ದು. ಆಮೇಲೆ ಬಸುರಿ ಬಾಣಂತಿ ಇರೋದು. ಗಟ್ಟಿಮುಟ್ಟಾಗಿ ಇರೋರು ಕೊನೆಗೆ. ಇಷ್ಟೂ ಗೊತ್ತಿಲ್ವಾ ನಿಮಗೆ?"

ಹೇಗೆ ಗೊತ್ತಿರಬೇಕು? ಯಾವ ಬೋರ್ಡಿನ ಮೇಲೆ ಬರೆದಿದ್ದಾರೆ? ಎಂಟು ಸಲ ಹೋದಾಗ ಒಂದು ಸಲವಾದರೂ ಹೇಳಬಾರದಿತ್ತೇ?

ಒಳಗಿನಿಂದ ಕ್ಯಾಲೆಂಡರಿನ ಹಾಳೆಗಳನ್ನು ತಂದು ಗಂಗೂಬಾಯಿಯನ್ನು ಕೇಳಿದೆ. ಏರಿಯ ಕೆಳಗಿನ ಒಂಟಿ ಮನೆಯಲ್ಲಿ ಲಕ್ವ ಹೊಡೆದ ಮುದುಕ ಇದ್ದಾನಂತೆ. ಗುಡಿಯ ಹಿಂದಿನ ನಾಲ್ಕನೆಯದರಲ್ಲಿ ಇಪ್ಪತ್ತು ದಿನದ ಕೂಸು. ಎರಡು ವರ್ಷದಿಂದ ದಿನಾ ಆ ಬಾಗಿಲುಗಳ ಮುಂದೆಯೇ ಓಡಾಡುತ್ತಿದ್ದೇನೆ. ಹಾಳೆ ಮಡಿಸಿಟ್ಟೆ.

ಇನ್ನು ಗುಟ್ಟಿನ ಕಥೆ ಕೇಳಿ. ತಿಂಗಳುಗಟ್ಟಲೆ ಸ್ವಂತ ಅತ್ತಿಗೆಯಿಂದ ಬಚ್ಚಿಟ್ಟದ್ದು ಒಂದು ಸಂಜೆಯಲ್ಲಿ ಕೆರೆಯ ಆಚೆ ದಡ ಮುಟ್ಟಿತ್ತು. ಮಧ್ಯಾಹ್ನದೊಳಗೆ ಹನ್ನೊಂದು ಹೆಂಗಸರು ಬಂದುಹೋದರು. ಗಂಡೆಂದು ಏಳು ಜನ, ಹೆಣ್ಣೆಂದು ನಾಲ್ಕು ಜನ. ಮೇಲೆ ಕೂತ ಧೋಂಡು ತೂತಿನಿಂದ ತಲೆ ಇಳಿಬಿಟ್ಟು, ತನ್ನ ಅತ್ತೆ ಮಾಡುವ ಕಷಾಯ ಎಂಥದೆಂದು ಶಾರದೆಗೆ ವಿವರಿಸಿದ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಸಂಜೆಯಾಗುವುದನ್ನೇ ಕಾದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಎರಡು ಸಲ.

ಹೊತ್ತು ಮುಳುಗುವಷ್ಟರಲ್ಲಿ ಹಿಂದಿನ ಕೋಣೆಯ ಹೆಂಚು ಸಾಲಾಗಿ ಕೂತಿತ್ತು. ಧೋಂಡು ಏಣಿ ಹೆಗಲಿಗೇರಿಸಿದ.

"ಉಳಿದದ್ದು? ನಡುಮನೆ? ಅಡಿಗೆಮನೆ?" ಎಂದೆ.

"ಮಗಳು ಮಲಗೋದು ಹಿಂದಿನ ಕೋಣೆಯಲ್ಲಿ ತಾನೇ?"

"ಹೌದು."

"ಅದಾಯ್ತಲ್ಲ. ಅಡಿಗೆಮನೆಯಲ್ಲಿ ಇರೋದು ನೀವು. ಕಲ್ಲುಗುಂಡಿನ ಹಾಗೆ ಇದ್ದೀರಿ. ನಂಬರ್ ಯೇವೂ ದ್ಯಾ, ಬಾಯಿ."

ನಂಬರ್ ಬರುವ ಮೊದಲು ಮಳೆ ಬಂತು. ಮಳೆಗಾಲದಲ್ಲಿ ಯಾರೂ ಹೆಂಚು ಮುಟ್ಟುವುದಿಲ್ಲ. ಇನ್ನು ಬರುವ ವರ್ಷವೇ. ನಮ್ಮವರು ಪಂಚೆ ಎತ್ತಿಕಟ್ಟಿ ನಡುಮನೆಯಲ್ಲಿ ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆದಾಡುತ್ತಾರೆ. 'ಥೇಟ್ ನಮ್ಮೂರೇ' ಎನ್ನುವುದನ್ನು ನಿಲ್ಲಿಸಿದ್ದಾರೆ.

ನಿನ್ನೆ ಪಾಟೀಲನ ಹೆಂಡತಿ ಬಂದಿದ್ದಳು, ನಮ್ಮ ಹನ್ನೆರಡು ದಿನದ ಮೊಮ್ಮಗಳನ್ನು ನೋಡಲು. ಕೂಸನ್ನು ನೋಡಿ, ಆ ಕೋಣೆಯ ಒಣ ನೆಲವನ್ನು ಕೈಯಿಂದ ಮುಟ್ಟಿ ನೋಡಿ, ಅಡಿಗೆಮನೆಗೆ ಬಂದು, ಸೋರುವ ಕಡೆಯಲ್ಲೆಲ್ಲ ಇಟ್ಟ ಪಾತ್ರೆಗಳ ಮೇಲೆ ಕಣ್ಣಾಡಿಸಿದಳು.

"ನಿಮ್ಮಲ್ಲಿ ಎಷ್ಟು ಪಾತ್ರೆ?"

"ಆರು."

"ನಮ್ಮಲ್ಲಿ ಒಂಬತ್ತು" ಎಂದಳು, ದೊಡ್ಡ ಮನೆಯವಳ ಗತ್ತಿನಿಂದ.

ಈ ಅಂಕಣವನ್ನು ಒಲೆಯ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ನಡುನಡುವೆ ಎದ್ದು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಸೌಟು ಹಿಡಿದು ಬಾಣಂತಿಯ ಮೆಣಸಿನ ಸಾರು ನೋಡಿ ಬರುತ್ತೇನೆ. ಗೋಡೆಯಾಚೆ ತಾಯಿ ಮಗು ಬೆಚ್ಚಗೆ ಮಲಗಿದ್ದಾರೆ. ಮಳೆ ಬಂದದ್ದೂ ಅವರಿಗೆ ಗೊತ್ತಿಲ್ಲ. ಇದೋ, ಕೊಡೆಯ ಅಂಚಿನಿಂದ ಇಳಿದ ಹನಿ ಸೀದಾ ನನ್ನ ಕತ್ತಿಗೆ.

ಈಗ ನೀವೇ ಹೇಳಿ, ಆ ಧೋಂಡುವಿಗೆ ನಾನು ಬೈಯಲೋ, ಬೇಡವೋ?