ಏಕಾಂತಪ್ಪನವರ ಹೆಬ್ಬೆರಳು

ಭದ್ರಾವತಿಯ ಹಳೇ ನಗರದಲ್ಲಿ ವಿಡಿಯೊ ಏಕಾಂತಪ್ಪ ಎಂದರೆ ಬೇರೆ ಗುರುತು ಹೇಳಬೇಕಾಗಿರಲಿಲ್ಲ. ಕಾಗದದ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅದರ ಕಾಲೊನಿಯ ಮದುವೆ, ಸೀಮಂತ, ನಿವೃತ್ತಿಯ ಸನ್ಮಾನಗಳನ್ನೆಲ್ಲ ಅವರು ಹೆಗಲ ಮೇಲೆ ಕ್ಯಾಮೆರಾ ಹೊತ್ತು ತೆಗೆದರು. ಕಾರ್ಖಾನೆ ನಿಂತು ಕಾಲೊನಿ ಖಾಲಿಯಾದ ಮೇಲೆ ಶಿವಮೊಗ್ಗದ ಪರಿಚಯದ ಮನೆಗಳ ಕೆಲಸವಷ್ಟೇ ಉಳಿಯಿತು. ಅವರ ಕೈಚಳಕ ದೊಡ್ಡದೇನಲ್ಲ. ಧಾರೆಯ ಹೊತ್ತಿಗೆ ಅಡ್ಡ ನಿಲ್ಲುತ್ತಿರಲಿಲ್ಲ, ಅಳುವವರ ಮುಖಕ್ಕೆ ಬೆಳಕು ಹಿಡಿಯುತ್ತಿರಲಿಲ್ಲ, ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಹೇಳುತ್ತಿರಲಿಲ್ಲ. ಜನ ನಂಬುವುದಕ್ಕೆ ಅಷ್ಟು ಸಾಕಾಗಿತ್ತು.

ಐವತ್ತೆಂಟನೆಯ ವಯಸ್ಸಿನಲ್ಲಿ ಅವರ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಡಾಕ್ಟರಿಗೆ ತೋರಿಸಲಿಲ್ಲ. ತೋರಿಸಿದರೆ ಅದಕ್ಕೊಂದು ಹೆಸರು ಬರುತ್ತದೆ, ಆ ಹೆಸರು ಊರೆಲ್ಲ ತಿರುಗುತ್ತದೆ ಎಂಬುದು ಅವರ ಲೆಕ್ಕಾಚಾರ. ಬದಲಿಗೆ ಕ್ಯಾಮೆರಾವನ್ನು ಹೆಗಲಿನಿಂದ ಇಳಿಸಿ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಫೋನಿನಿಂದಲೇ ಚಾಲೂ ಮಾಡಬಹುದಾದ ಹೊಸ ಮಾದರಿಯದನ್ನು ಕೊಂಡರು. ಪರದೆಯ ಮೇಲೆ ಒಂದು ಕೆಂಪು ಗುಂಡಿ. ಒಮ್ಮೆ ಒತ್ತಿದರೆ ದೂರದಲ್ಲಿರುವ ಕ್ಯಾಮೆರಾ ರೆಕಾರ್ಡ್ ಶುರು ಮಾಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲಿಸುತ್ತದೆ. ಅವರು ಛತ್ರದ ಯಾವುದಾದರೂ ಕಂಬದ ಪಕ್ಕ ನಿಂತು ಒತ್ತುತ್ತಿದ್ದರು.

"ಏನ್ ಏಕಾಂತಪ್ಪ, ಮನೇಲೇ ಮಲ್ಕೊಂಡು ನಮ್ ಮದುವೆ ತೆಗೀಬಹುದಲ್ಲ ಮಾರಾಯ್ರೆ" ಎಂದು ಯಾರಾದರೂ ಚುಡಾಯಿಸಿದರೆ, "ತೆಗೀಬಹುದು. ಊಟಕ್ಕೆ ಮಾತ್ರ ನಾನೇ ಬರ್ಬೇಕಲ್ಲ" ಎನ್ನುತ್ತಿದ್ದರು. ಹೆಂಡತಿ ಗಿರಿಜಮ್ಮನ ಹೊರತು ಯಾರಿಗೂ ನಿಜ ಗೊತ್ತಿರಲಿಲ್ಲ. ಹೀಗೆ ಆರು ವರ್ಷ ನಡೆಯಿತು.

ಶಿವಮೊಗ್ಗದ ಹೊಸಮನೆಯಲ್ಲಿ ವೀರಮ್ಮ ಎಂಬ ಎಂಬತ್ತನಾಲ್ಕರ ಮುದುಕಿ ಇದ್ದರು. ಮನೆ ಅವರ ಹೆಸರಿನಲ್ಲಿತ್ತು. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳು ಸುಮನಾ ಹದಿನೆಂಟು ವರ್ಷದಿಂದ ಅವರನ್ನು ನೋಡಿಕೊಳ್ಳುತ್ತಿದ್ದಳು. ಮಗ ಶಿವಯೋಗಿಗೆ ಬೇರೆ ಮನೆಯಿತ್ತು, ಅಡಿಕೆ ಮಂಡಿಯಿತ್ತು. ತನ್ನ ನಂತರ ಮನೆ ಸುಮನಾಗೆ ಎಂದು ಅವ್ವ ಹೇಳಿದ್ದಾಳೆ ಎಂದು ಮಗಳು, ನನ್ನೆದುರು ಹಾಗೆ ಹೇಳಿಲ್ಲ ಎಂದು ಮಗ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇನ್ನೊಬ್ಬರ ಕೈಯ ತುತ್ತು ಉಣ್ಣುವವರು ಎದುರಿಗಿದ್ದವರಿಗೆ ಹಿತವಾಗುವಂತೆ ಮಾತಾಡುತ್ತಾರೆ. ಕಾನೂನು ಮಗಳಿಗೂ ಪಾಲು ಕೊಡುತ್ತದೆ ಎಂದು ಎಲ್ಲರಿಗೂ ತಿಳಿದಿತ್ತು. ಆದರೆ ಒಡಹುಟ್ಟಿದವರನ್ನು ಕೋರ್ಟಿಗೆ ಎಳೆಯುವುದು ಆ ಮನೆತನದಲ್ಲಿ ನಡೆದಿರಲಿಲ್ಲ. ಹಿರಿಯರು ಕೂತು ಹೇಳಿದ್ದೇ ಕೊನೆ. ಆ ಹಿರಿಯರಲ್ಲಿ ಮುಖ್ಯರಾದ ಬಸಲಿಂಗಪ್ಪ ಮೇಷ್ಟ್ರು ಒಂದು ದಾರಿ ಕಂಡುಹಿಡಿದರು.

"ನೋಡಪ್ಪಾ ಶಿವಯೋಗಿ, ನೀನ್ ಎದುರಿಗಿದ್ರೆ ನಿನ್ ಕಡೆ ಮಾತಾಡ್ತಾಳೆ, ಇವಳಿದ್ರೆ ಇವಳ ಕಡೆ. ನಾನಿದ್ರೆ ನನ್ನ ಮುಲಾಜು. ಯಾರೂ ಬೇಡ. ಬಾಗ್ಲು ಹಾಕ್ಕೊಂಡು ಕ್ಯಾಮೆರಾ ಮುಂದೆ ಒಬ್ಬಳೇ ಕೂತು ಹೇಳ್ಲಿ. ಆಮೇಲೆ ಎಲ್ರೂ ಒಟ್ಟಿಗೆ ಕೇಳಾಣ. ಪಕ್ಕದಲ್ಲಿ ಯಾರೇ ಇದ್ರೂ ಆ ಮಾತು ಲೆಕ್ಕಕ್ಕಿಲ್ಲ, ಮೊದ್ಲೇ ಹೇಳಿರ್ತೀನಿ."

ಅಣ್ಣ ತಂಗಿ ಇಬ್ಬರೂ ಒಪ್ಪಿದರು. ಇಬ್ಬರ ಮದುವೆಯನ್ನೂ ತೆಗೆದವರು ಏಕಾಂತಪ್ಪ. ಹಾಗಾಗಿ ಅವರನ್ನೇ ಕರೆಸಿದರು.

ಶುಕ್ರವಾರ ಬೆಳಿಗ್ಗೆ ವೀರಮ್ಮ ವಿಭೂತಿ ಹಚ್ಚಿಕೊಂಡು, ಒಗೆದ ಸೀರೆ ಉಟ್ಟು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ಕ್ಯಾಮೆರಾದ ಮುಂದೆ ಮಿನುಗುವ ಸಣ್ಣ ದೀಪ ಅವರಿಗೆ ಹಿಡಿಸಲಿಲ್ಲ.

"ಅದ್ಯಾಕೋ ಕೆಂಗಣ್ಣು ಬಿಡ್ತದೆ? ನಮ್ಮತ್ತೆ ನೋಡ್ದಂಗೆ ಆಗ್ತದೆ. ಮಾತೇ ಹೊರಡಲ್ಲ."

"ನಿಮ್ಮತ್ತೆ ಕಣ್ಣು ಮುಚ್ಚಿಸ್ತೀನಿ, ತಾಳಿ" ಎಂದು ಏಕಾಂತಪ್ಪ ದೀಪದ ಮೇಲೆ ಕಪ್ಪು ಟೇಪು ಅಂಟಿಸಿದರು. ಮುಗಿದ ಮೇಲೆ ಕೂಗಬೇಕೆಂದು ಹೇಳಿ, ಬಾಗಿಲೆಳೆದುಕೊಂಡು ಹೊರಗೆ ಬಂದರು.

ಹೊರಗೆ ಜಗಲಿಯ ಮೇಲೆ ಶಿವಯೋಗಿ ಒಂದು ಕಡೆ, ಸುಮನಾ ಇನ್ನೊಂದು ಕಡೆ ಕೂತಿದ್ದರು. ಏಕಾಂತಪ್ಪ ಫೋನು ತೆಗೆದು ಗುಂಡಿ ಒತ್ತಿದರು. ಶಿವಯೋಗಿ ಅವರ ಕೈಯನ್ನೇ ನೋಡುತ್ತಿದ್ದ.

"ಕೈಗೇನಾಯ್ತು?"

"ಏನಿಲ್ಲ, ಬೈಕಲ್ಲಿ ಬಂದ್ನಲ್ಲ, ಚಳಿ" ಎನ್ನುತ್ತ ಅವರು ಫೋನು ಹಿಡಿದ ಕೈಯನ್ನು ಹಾಗೆಯೇ ಜೇಬಿಗೆ ತುರುಕಿಕೊಂಡರು.

ಇಪ್ಪತ್ತೈದು ನಿಮಿಷದ ಮೇಲೆ ಒಳಗಿನಿಂದ "ಆಯ್ತು ಬಾರಪ್ಪಾ" ಎಂಬ ಕೂಗು ಬಂತು. ಏಕಾಂತಪ್ಪ ಜೇಬಿನಲ್ಲಿದ್ದ ಫೋನನ್ನು ಅರ್ಧ ಎಳೆದು, ನಿಲ್ಲಿಸಲೆಂದು ಇನ್ನೊಮ್ಮೆ ಒತ್ತಿ, ಒಳಗೆ ಹೋಗಿ ಮುದುಕಿಗೆ ನೀರು ಕೊಟ್ಟರು.

ಮನೆಗೆ ಹೋಗಿ ಕಂಪ್ಯೂಟರಿಗೆ ಹಾಕಿದಾಗ ತಿಳಿಯಿತು. ಮೊದಲನೆಯದು ಹನ್ನೊಂದು ಸೆಕೆಂಡಿನ ವಿಡಿಯೊ. ವೀರಮ್ಮ ಸೆರಗು ಸರಿಮಾಡಿಕೊಂಡು ಕೆಮ್ಮಿ, "ನಾನು ವೀರಮ್ಮ" ಎನ್ನುವಲ್ಲಿಗೆ ನಿಂತಿತ್ತು. ಜೇಬಿಗೆ ಹೋಗುವಾಗ ನಡುಗುವ ಹೆಬ್ಬೆರಳು ಎರಡನೆಯ ಸಲ ಒತ್ತಿತ್ತು; ದೀಪ ಟೇಪಿನಡಿ ಇದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ನಿಲ್ಲಿಸಲೆಂದು ಒತ್ತಿದ್ದು ಶುರು ಮಾಡಿತ್ತು. ಹಾಗಾಗಿ ಎರಡನೆಯ ವಿಡಿಯೊದಲ್ಲಿ ಏಕಾಂತಪ್ಪನವರೇ ಇದ್ದರು. ಲೋಟ ಹಿಡಿದ ಕೈ ಕುಣಿದು ನೀರು ಮುದುಕಿಯ ಮಡಿಲಿಗೆ ಚೆಲ್ಲುತ್ತಿತ್ತು. "ಎಲ್ಲಾ ಹೇಳ್ಬಿಟ್ಟೆ ಕಣಪ್ಪ" ಎಂದರು ವೀರಮ್ಮ. "ಇನ್ನು ಸುಮನಾನ ಈ ಮನೆಯಿಂದ ಎದ್ದೋಗು ಅನ್ನಕ್ಕೆ ಯಾರಿಗೂ ಬಾಯಿಲ್ಲ. ನಿನ್ ಕೈ ಯಾಕೋ ಹಂಗೆ ಕುಣೀತದೆ? ಯಾರಿಗಾದ್ರೂ ತೋರ್ಸು."

ಗಿರಿಜಮ್ಮ ಬೆನ್ನ ಹಿಂದೆ ನಿಂತು ನೋಡಿದರು.

"ಈಗ್ಲೇ ಫೋನ್ ಮಾಡಿ. ಇನ್ನೊಂದ್ಸಲ ಹೇಳ್ತಾರೆ, ಅವ್ರಿಗೇನು."

"ಏನಾಯ್ತು ಅಂತ ಕೇಳಿದ್ರೆ?"

"ಕೈ ನಡುಗ್ತು ಅನ್ನಿ."

"ಮೇಷ್ಟ್ರ ಮೊಮ್ಮಗಳ ಮದುವೆ ನಂಗೇ ಒಪ್ಸಿದಾರೆ ಕಣೆ. ಗೊತ್ತಾದ್ರೆ ಯಾರ್ ಕರೀತಾರೆ? ಬ್ಯಾಟ್ರಿ ಹೋಯ್ತು ಅಂತ ಸೋಮವಾರ ಹೇಳ್ತೀನಿ. ಈಗಿಂದೀಗ ಹೇಳಿದ್ರೆ ಅನುಮಾನ ಬರ್ತದೆ."

ಶನಿವಾರವೆಲ್ಲ ಅವರು ಆ ಸುಳ್ಳನ್ನು ತಿದ್ದುತ್ತ ಕಳೆದರು. ಭಾನುವಾರ ಬೆಳಗಾಗುವಷ್ಟರಲ್ಲಿ ವೀರಮ್ಮನವರಿಗೆ ಲಕ್ವ ಹೊಡೆದು ನಾಲಿಗೆ ಬಿದ್ದುಹೋಯಿತು. ಮಂಗಳವಾರ ಪ್ರಾಣ ಹೋಯಿತು. ಕೈ ನಡುಗಿದ್ದು ರೋಗ. ಮುಚ್ಚಿಟ್ಟ ಆ ಎರಡು ದಿನದ ತಪ್ಪು ರೋಗದ್ದಲ್ಲ, ಏಕಾಂತಪ್ಪನವರದ್ದು.

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದ ಮೇಲೆ ಹಿರಿಯರು ಅದೇ ನಡುಮನೆಯಲ್ಲಿ ಸೇರಿದರು. ಟಿವಿಯನ್ನು ಗೋಡೆಗೆ ಸರಿಸಿ ಜಮಖಾನ ಹಾಸಿತ್ತು. ಏಕಾಂತಪ್ಪ ಎದ್ದು, "ಕ್ಯಾಮೆರಾದ ಕಾರ್ಡು ಕೆಟ್ಟಿದೆ, ಏನೂ ಬಂದಿಲ್ಲ" ಎಂದರು.

ಶಿವಯೋಗಿ ತಂಗಿಯ ಕಡೆ ತಿರುಗಿದ. "ತಾನೇ ಕೆಡ್ತೋ, ಕೆಡಿಸ್ದೋ? ಅವ್ವ ನಿನ್ ಆಟಕ್ಕೆ ಒಪ್ಪಿಲ್ಲ ಅಂತ ಗೊತ್ತಾಗಿ ಇವ್ರ ಕಾಲು ಹಿಡ್ಕೊಂಡ್ಯಾ?"

ಸುಮನಾ ಜಮಖಾನದಿಂದ ಎದ್ದು ನಿಂತಳು. ಹದಿನೆಂಟು ವರ್ಷದಲ್ಲಿ ಯಾರೂ ಅವಳನ್ನು ಕಳ್ಳಿ ಎಂದಿರಲಿಲ್ಲ.

ಆಗ ಏಕಾಂತಪ್ಪ ಜೇಬಿನಿಂದ ಕಾರ್ಡು ತೆಗೆದು ಟಿವಿಗೆ ಜೋಡಿಸಹೋದರು. ಕೈ ತೂತಿಗೆ ನೆಟ್ಟಗೆ ಹೋಗಲಿಲ್ಲ. ಎಲ್ಲರೂ ನೋಡಿದರು. ಕೊನೆಗೆ ಮೇಷ್ಟ್ರೇ ಎದ್ದು ಜೋಡಿಸಿದರು. ಹನ್ನೊಂದು ಸೆಕೆಂಡು, ಆಮೇಲೆ ನೀರಿನ ಲೋಟ, ಸತ್ತವಳ ದನಿ. ಮುಗಿದ ಮೇಲೆ ಏಕಾಂತಪ್ಪ ಆರು ವರ್ಷದ್ದನ್ನೂ ಹೇಳಿದರು.

"ಕೇಳಿಸ್ತಲ್ಲ ಮೇಷ್ಟ್ರೇ" ಎಂದಳು ಸುಮನಾ. "ಅವ್ವನ ಬಾಯಿಂದಾನೇ ಬಂತಲ್ಲ."

"ಪಕ್ಕದಲ್ಲಿ ಇವ್ರಿದಾರೆ" ಎಂದ ಶಿವಯೋಗಿ. "ಪಕ್ಕದಲ್ಲಿ ಯಾರಿದ್ರೂ ಲೆಕ್ಕಕ್ಕಿಲ್ಲ ಅಂತ ಹೇಳಿದ್ದು ಯಾರು? ಬಾಗ್ಲು ತೆಗೆದು ಒಳಗೋಗಿ ಇವ್ರು ಏನ್ ಹೇಳ್ಕೊಟ್ರು ಅಂತ ಯಾರಿಗೆ ಗೊತ್ತು? ಒಂದ್ಸಲ ಸುಳ್ಳು ಹೇಳ್ದೋರು."

ಕಟ್ಟಳೆ ಮೇಷ್ಟ್ರೇ ಮಾಡಿದ್ದು. ಮುದುಕಿಯ ಮಾತು ನಿಜವೆಂದು ಅವರಿಗೆ ಗೊತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ಮೊದ್ಲು ಆಡಿದ ಮಾತು ಮಾತೇ. ಇದು ಲೆಕ್ಕಕ್ಕಿಲ್ಲ" ಎಂದರು. ಹಳೆಯ ರೂಢಿಯಂತೆ ಮನೆ ಮಗನಿಗೆ, ತಾಯಿಯ ಒಡವೆ ಮಗಳಿಗೆ ಎಂದಾಯಿತು. ಮೇಷ್ಟ್ರು ತಮ್ಮ ಮೊಮ್ಮಗಳ ಮದುವೆಗೆ ಬೇರೆಯವರನ್ನು ಗೊತ್ತುಮಾಡಿದರು. ಆಮೇಲೆ ಏಕಾಂತಪ್ಪನವರನ್ನು ಯಾರೂ ಕರೆಯಲಿಲ್ಲ.

ಅಂದು ಹೊರಡುವಾಗ ಸುಮನಾ ಅವರನ್ನು ಗೇಟಿನ ಹತ್ತಿರ ತಡೆದಳು. ಬೈಯಲಿಲ್ಲ.

"ಏಕಾಂತಣ್ಣ, ಕೈ ನಡುಗ್ತದೆ ಅಂತ ಅವತ್ತು ಜಗಲಿ ಮೇಲೆ ಒಂದ್ ಮಾತು ಹೇಳಿದ್ರೆ ನಾನೇ ಒತ್ತಿ ಕೊಡ್ತಿದ್ದೆ. ಬೇಕಾದ್ರೆ ಶಿವಯೋಗಿನೇ ಒತ್ತಿರೋನು. ಒಂದು ಗುಂಡಿ ಅಲ್ವಾ?"

ಏಕಾಂತಪ್ಪ ಗೇಟು ತೆಗೆದು ಹೊರಗೆ ನಡೆದರು.

ಎರಡು ತಿಂಗಳಿಗೆ ಸುಮನಾ ಅದೇ ಊರಿನ ರಾಗಿಗುಡ್ಡದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಳು. ಸಾಮಾನು ಸಾಗಿಸುವ ದಿನ ಏಕಾಂತಪ್ಪ ಭದ್ರಾವತಿಯಿಂದ ಬಸ್ಸು ಹಿಡಿದು ಬಂದರು. ಆಟೋ ನಿಂತಿತ್ತು. ಅವರು ಪಾತ್ರೆಯ ಬುಟ್ಟಿಗೆ ಕೈ ಹಾಕಿದಾಗ ಅವಳು ಬುಟ್ಟಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ಬೇಡ ಅಣ್ಣ, ಬಿದ್ದೀತು."

ಅವರು ಪಕ್ಕಕ್ಕೆ ಸರಿದು, ಆಟೋ ತುಂಬುವವರೆಗೂ ನಿಂತಿದ್ದರು.